ಮ್ಯಾಕ್ಸೀನ್ ಹೇಳಿದ ಅರ್ಥ

ನಾನು ಗಾಡಿಯವನು. ಮೂರು ಆಸ್ಪತ್ರೆಯ ಬಟ್ಟೆ
ಬೆಳಗಿನ ಜಾವ ತುಂಬಿಕೊಂಡು ಬಂದು
ಗ್ರಿಮ್ಸ್‌ಬಿಯ ಲಾಂಡ್ರಿಯ ಹಿಂಬಾಗಿಲಿಗೆ ಸುರಿಯುವವನು.
ಬಿಳಿ ಚೀಲ ಬಿಚ್ಚಬಹುದು. ಕೆಂಪು ಚೀಲ ಬಿಚ್ಚುವಂತಿಲ್ಲ,
ಒಳಪದರ ನೀರಲ್ಲೇ ಕರಗುತ್ತದೆ, ಹಾಗೇ ಯಂತ್ರದ ಬಾಯಿಗೆ.
ಸಮುದ್ರದ ಕಡೆಯಿಂದ ಮೀನಿನ ವಾಸನೆ,
ಈ ಕಡೆಯಿಂದ ಬ್ಲೀಚು.
ನಡುವೆ ನಿಂತು ಚಹಾ ಕುಡಿಯುವಾಗ
ಕಿವಿಗೆ ಬಿದ್ದದ್ದು ಇದು.

ಲಿಥುವೇನಿಯಾದಿಂದ ಬಂದವಳ ಹೆಸರು ರಸಾ.
ಹಾಗೆಂದರೆ ಅವರಲ್ಲಿ ಇಬ್ಬನಿಯಂತೆ.
ಇಬ್ಬನಿಗೆ ಕೊಟ್ಟ ಕೆಲಸ ಕೊಳೆ ವಿಂಗಡಿಸುವುದು.
ಏಪ್ರನ್ನಿನ ಜೇಬಲ್ಲಿ ಗೆರೆಯಿಲ್ಲದ ಪುಟ್ಟ ನೋಟ್‌ಬುಕ್ಕು,
ದಿನಕ್ಕೊಂದು ಪದ.
"ಇಷ್ಟೊಂದು ಯಾಕೆ ನಿಮಗೆ?" ಅಂದಳು ಮೊದಲ ವಾರ,
"ನಮ್ಮಲ್ಲಿ ಕೆಸರಿಂದ ಹುಟ್ಟಿದ ಒಂದೇ ಮಾತು ಸಾಕು,
ಪುರ್ವಿನಸ್. ಹಂದಿಗೂ ಅದೇ, ಮಂತ್ರಿಗೂ ಅದೇ."

ಮ್ಯಾಕ್ಸೀನಳಿಗೆ ಈ ಟೇಬಲ್ಲಿನ ಮುಂದೆ ಮೂವತ್ತೊಂದು ವರ್ಷ.
ಬಟ್ಟೆ ಎತ್ತೆತ್ತಿ ತೋರಿಸುತ್ತ ಹೇಳಿದಳು:
ಡರ್ಟಿ ಅಂದರೆ ಏನೂ ಅಲ್ಲ, ಊಟ ಮುಗಿದ ತಟ್ಟೆ.
ಗ್ರಬಿ, ನೋಡಿಲ್ಲಿ, ಕಾಲರಿನ ಒಳಮಗ್ಗುಲು,
ತೊಟ್ಟವನಿಗೆ ಕಾಣದ್ದು, ಹೆಂಡತಿಗೆ ಕಾಣುವುದು.
ಗ್ರೈಮ್‌ಗೆ ಅವಸರವಿಲ್ಲ. ಅಡುಗೆಮನೆಯ ಫ್ಯಾನಿನ ಮೇಲೆ
ಜಿಡ್ಡಾಗಿ, ಧೂಳಾಗಿ, ಮತ್ತೆ ಜಿಡ್ಡಾಗಿ ಕೂರಲು
ಅದಕ್ಕೆ ನಾಲ್ಕು ವರ್ಷವಾದರೂ ಬೇಕು.
ಈ ಊರ ಹೆಸರೂ ಅದರಿಂದಲೇ ಬಂತೇ, ಎಂದು ರಸಾ.
ಅಲ್ಲ, ಯಾವನೋ ಗ್ರಿಮ್ ಎಂಬ ಬೆಸ್ತ. ಆದರೂ ಬರೆದುಕೋ.
ಸ್ಟೇನ್ ಅಂದರೆ ಒಗೆದ ಮೇಲೂ ಮಾತಾಡುವುದು.
ಮ್ಯಾಂಕಿಯನ್ನು ಮೂಗು ಮೊದಲು ಹೇಳುತ್ತದೆ, ಬಾಯಿ ಆಮೇಲೆ.
ಸಾಯಿಲ್ಡ್ ಎಂಬುದು ಫಾರಮ್ಮಿನ ಭಾಷೆ;
ಮನುಷ್ಯರು ಹಾಗೆ ಮಾತಾಡುವುದಿಲ್ಲ,
ಟಿಕ್ ಹಾಕುತ್ತಾರೆ.
ಮಕ್ಕಿ ಮಾತ್ರ ಮಕ್ಕಳಿಗೆ. ಮಳೆಯ ಹೊಂಡಕ್ಕೆ ಹಾರಿ
ಮಂಡಿತನಕ ಕೆಸರಾಗಿ ಬಂದದ್ದನ್ನು
ಬಾಗಿಲಲ್ಲೇ ಹಿಡಿದು, ಬೈಯುತ್ತ, ಮುದ್ದಿಸುತ್ತ ಅನ್ನುವುದು.

ದಿಂಬಿನ ಚೀಲದೊಳಗಿಂದ ಹಲ್ಲಿನ ಸೆಟ್ಟು ಬಿತ್ತು ಒಮ್ಮೆ.
ಇದಕ್ಕೇನೆನ್ನುತ್ತೀರಿ, ಎಂದಳು ರಸಾ.
"ಕಳೆದುಹೋದದ್ದು" ಎಂದು ತೊಳೆದು, ಲಕೋಟೆಗೆ ಹಾಕಿ
ನನ್ನ ಕೈಗೆ ಕೊಟ್ಟಳು ಮ್ಯಾಕ್ಸೀನ್.

ಒಂದು ಸೋಮವಾರ ರಸಾ ಬಂದವಳೇ ಕೇಳಿದಳು:
ಫಿಲ್ದಿ?
ಬಸ್ಸಿನಲ್ಲಿ ಒಬ್ಬ ಅಂದನಂತೆ, ಪಕ್ಕದ ಸೀಟು ಬಿಟ್ಟೆದ್ದು,
ಫೋನಲ್ಲಿ ತಾಯಿಯೊಡನೆ ಅವಳಾಡುತ್ತಿದ್ದ ಮಾತು ಕೇಳಿ.
ನೋಟ್‌ಬುಕ್ಕು ತೆರೆದಿತ್ತು. ಪೆನ್ನೂ ತೆರೆದಿತ್ತು.
ಯಂತ್ರವೊಂದು ನೀರು ಕುಡಿಯುತ್ತಿತ್ತು ಗಟಗಟ.
ಮ್ಯಾಕ್ಸೀನ್ ಚಾದರವೊಂದನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚಿ
"ದಣಿದವರು" ಅಂದಳು. "ತುಂಬ ದಣಿದವರಿಗೆ ಹಾಗನ್ನುತ್ತಾರೆ.
ಹತ್ತು ತಾಸು ನಿಂತವರಿಗೆ."
ರಸಾ ಬರೆದುಕೊಂಡಳು. ನಾನು ಚಹಾದ ಕಪ್ಪಿನೊಳಗೆ ನೋಡಿದೆ.

ನವೆಂಬರಿನಲ್ಲಿ ಮ್ಯಾಕ್ಸೀನಳ ತಾಯಿ ಏಳನೇ ವಾರ್ಡಿಗೆ ಬಂದಳು.
ವಾರ್ಡಿನ ಬಟ್ಟೆಗೆ ಹೆಸರಿರುವುದಿಲ್ಲ, ನಂಬರಷ್ಟೆ.
ಆದರೂ ಏಳರ ಚೀಲ ಇಳಿಸುವಾಗ
ನನ್ನ ಕೈ ಮೆತ್ತಗಾಗುತ್ತಿತ್ತು; ಮ್ಯಾಕ್ಸೀನ್
ಆ ಹೊತ್ತಿಗೆ ಸರಿಯಾಗಿ ಸೋಪಿನ ಡಬ್ಬ ಎಣಿಸಲು ಹೋಗುತ್ತಿದ್ದಳು.
ಬಿಚ್ಚುತ್ತಿದ್ದವಳು ರಸಾ.
ಆ ತಿಂಗಳ ಫಾರಮ್ಮು ನಾನೇ ಆಫೀಸಿಗೆ ಒಯ್ದೆ:
ಏಳರ ಸಾಲಿನಲ್ಲಿ ಸಾಯಿಲ್ಡ್ ಚೌಕ ಖಾಲಿ.
ಪಕ್ಕದ ಅಂಚಿನಲ್ಲಿ, ಗುಂಡಗಿನ ಅಕ್ಷರದಲ್ಲಿ, ದಿನದಿನವೂ
ಮಕ್ಕಿ. ಮಕ್ಕಿ. ಮಕ್ಕಿ.
ಇಪ್ಪತ್ತಮೂರನೇ ತಾರೀಖಿನ ಮೇಲೆ ಏನೂ ಇಲ್ಲ.

ಮಣ್ಣು ಮಾಡಿ ಮ್ಯಾಕ್ಸೀನ್ ಕೆಲಸಕ್ಕೆ ಮರಳಿದ ದಿನ
ಪಾಳಿ ಮುಗಿದು, ಬೂಟು ಬಿಚ್ಚುತ್ತ, ಬೆಂಚಿನ ಮೇಲೆ ಇಬ್ಬರೂ.
"ನಾನಿವತ್ತು ಫಿಲ್ದಿ, ಮ್ಯಾಕ್ಸೀನ್" ಅಂದಳು ರಸಾ.
ಅಷ್ಟರಲ್ಲಿ ಅವಳ ಇಂಗ್ಲಿಷು ನನ್ನದಕ್ಕಿಂತ ಚೆನ್ನಾಗಿತ್ತು;
ಅರ್ಥ ಗೊತ್ತಿಲ್ಲದೆ ಅಂದಳೆಂದು ನಾನು ನಂಬುವುದಿಲ್ಲ.
ಮ್ಯಾಕ್ಸೀನ್ ತನ್ನ ಕೈ ಮೂಸಿಕೊಂಡಳು. ಬ್ಲೀಚು.
"ನಾನೂ ಕಣೇ" ಅಂದಳು, "ನಾನೂನೂ."
ಹೊರಗೆ ನನ್ನ ಗಾಡಿ ಚಾಲೂ ಇತ್ತು,
ನಾಳೆಯ ಖಾಲಿ ಚೀಲ ತುಂಬಿಕೊಂಡು.